ಓಟಿಸ್ ರೆಡ್ಡಿಂಗನ ಕಂಠ

ಈ ಗಾಯಕನ ಹೆಸರನ್ನೆತ್ತಿದಾಗಲೆಲ್ಲ ನಮ್ಮ ಮಿತ್ರರೊಬ್ಬರು, “ಅರಚುವವನಲ್ಲಿ ಅಂಥದೇನನ್ನು ಕಂಡಿರಿ, ಸ್ವಾಮಿ?” ಎಂದು ಕೇಳುವುದುಂಟು. ಶ್ರುತಿಶುದ್ಧಿಯ ವಿಷಯದಲ್ಲಿ ಅವರು ಬಹು ನಿಷ್ಠುರರು. ಅವರನ್ನು ಒಪ್ಪಿಸಲು ಇದುವರೆಗೆ ನಮ್ಮಿಂದಾಗಿಲ್ಲ. ಇಂದು ಶ್ರೋತೃಗಳ ಸಮ್ಮುಖದಲ್ಲಿ ಮತ್ತೊಮ್ಮೆ ಪ್ರಯತ್ನಿಸುತ್ತೇವೆ.

ಅಮೆರಿಕದ ಕಪ್ಪು ಜನರ ಈ ಬಗೆಯ ಗಾಯನಕ್ಕೆ ‘ಸೋಲ್’ ಎಂದು ಹೆಸರು; ಆತ್ಮವೆಂದರ್ಥ. ಚರ್ಚಿನ ಭಜನೆಯ ಆವೇಶವನ್ನು ಲೌಕಿಕ ಪ್ರೇಮದ ಕಡೆಗೆ ತಿರುಗಿಸಿದಾಗ ಹುಟ್ಟಿದ ಗಾನ ಇದು. ಕನ್ನಡಿಗರ ಕಿವಿಗೆ ಅದು ‘ಸೋಲು’ ಎಂದು ಕೇಳಿಸಿದರೂ ಬಾಧಕವಿಲ್ಲ. ಓಟಿಸನ ಹಾಡುಗಳಲ್ಲಿ ಗೆದ್ದ ಪ್ರೇಮಿಗಳು ಅಪರೂಪ.

ಆತನು ಹುಟ್ಟಿದ್ದು 1941ರಲ್ಲಿ, ಜಾರ್ಜಿಯಾ ಸಂಸ್ಥಾನದ ಡಾಸನ್ ಎಂಬಲ್ಲಿ. ಬೆಳೆದದ್ದು ಮೇಕನ್ ಪಟ್ಟಣದಲ್ಲಿ. ಸಂಸಾರಕ್ಕೆ ನೆರವಾಗಲು ಓದನ್ನು ಅರ್ಧಕ್ಕೇ ಬಿಟ್ಟನು. 1962ರಲ್ಲಿ ಜಾನಿ ಜೆಂಕಿನ್ಸ್ ಎಂಬ ಗಿಟಾರು ವಾದಕನನ್ನು ಮೆಂಫಿಸ್ ನಗರದ ಸ್ಟಾಕ್ಸ್ ಕಂಪೆನಿಗೆ ಕಾರಿನಲ್ಲಿ ಕರೆತಂದನು. ಜೆಂಕಿನ್ಸನ ಕೆಲಸ ಮುಗಿದ ಮೇಲೆ ಸ್ವಲ್ಪ ವೇಳೆ ಉಳಿಯಿತು. ಆ ಉಳಿದ ವೇಳೆಯಲ್ಲಿ ಕಾರು ನಡೆಸಿದವನು ಹಾಡಿದನು. ಜೆಂಕಿನ್ಸನ ಹೆಸರನ್ನು ಇಂದು ಬಲ್ಲವರು ಹೆಚ್ಚಾಗಿ ಈ ಪ್ರಸಂಗದಿಂದಲೇ ಬಲ್ಲರು. ಸ್ಟಾಕ್ಸ್ ಸ್ಟುಡಿಯೊ ಮೊದಲು ಸಿನಿಮಾ ಮಂದಿರವಾಗಿತ್ತು. ಅಲ್ಲಿ ಬಿಳಿಯ ಸ್ಟೀವ್ ಕ್ರಾಪರ್, ಕಪ್ಪು ವರ್ಣದ ಬುಕರ್ ಟಿ. ಜೋನ್ಸ್ ಒಂದೇ ಮೇಳದಲ್ಲಿ ನುಡಿಸುತ್ತಿದ್ದರು. ಹೊರಗೆ ಅದೇ ಊರಿನಲ್ಲಿ ಅವರಿಬ್ಬರೂ ಒಂದು ಮೇಜಿಗೆ ಕುಳಿತು ಉಣ್ಣುವುದು ಸುಲಭವಾಗಿರಲಿಲ್ಲ. ಕಹಳೆಯವರು ನುಡಿಸಬೇಕಾದ ಸ್ವರಗಳನ್ನು ಓಟಿಸನು ಬಾಯಲ್ಲಿ ಗುನುಗಿ ಕಲಿಸುತ್ತಿದ್ದನಂತೆ. ಅವನ ಹಾಡುಗಳಲ್ಲಿ ಕಹಳೆಗಳು ಪಕ್ಕವಾದ್ಯದಂತಿರದೆ ಇನ್ನೊಬ್ಬ ಗಾಯಕನಂತೆ ಉತ್ತರ ಕೊಡುತ್ತವೆ.

ಇನ್ನು ಅರಚುವ ಮಾತು. 1932ರಷ್ಟು ಹಳೆಯ ‘ಟ್ರೈ ಎ ಲಿಟಲ್ ಟೆಂಡರ್ನೆಸ್’ ಎಂಬುದನ್ನು ನಯವಾದ ಕಂಠದವರು ಅನೇಕರು ಹಾಡಿದ್ದರು. 1966ರಲ್ಲಿ ಓಟಿಸನು ಅದನ್ನು ಎತ್ತಿಕೊಂಡನು. ಮೊದಲಿಗೆ ಕಹಳೆಗಳ ಮೆಲುದನಿ. ಬಳಲಿದ ಹೆಣ್ಣೊಬ್ಬಳ ವಿಷಯವನ್ನು ಪಕ್ಕದಲ್ಲಿ ಕುಳಿತವರಿಗೆ ಹೇಳುವಂತೆ ಅವನು ಪ್ರಾರಂಭಿಸುತ್ತಾನೆ. ಆಮೇಲೆ ಡ್ರಮ್ಮಿನ ಅಂಚಿಗೆ ಕಡ್ಡಿಯ ಪೆಟ್ಟು, ಗಡಿಯಾರದ ಸದ್ದಿನ ಹಾಗೆ, ಸೇರಿಕೊಳ್ಳುತ್ತದೆ. ವಿಳಂಬದಿಂದ ಮಧ್ಯಮಕ್ಕೆ, ಮಧ್ಯಮದಿಂದ ದ್ರುತಕ್ಕೆ ಏರುವುದು ನಮಗೂ ಹೊಸದಲ್ಲ. ಆದರೆ ಇಲ್ಲಿ ಏರುವುದು ಲಯಕ್ಕಿಂತ ಹೆಚ್ಚಾಗಿ ಗಾಯಕನ ಆತಂಕ. ಕೊನೆಗೆ ಮಾತುಗಳು ಮುಗಿದುಹೋಗುತ್ತವೆ, ಹೇಳಬೇಕಾದುದು ಮುಗಿದಿರುವುದಿಲ್ಲ. ಆಗ ಒಂದೇ ಅಕ್ಷರವನ್ನು ತಡೆತಡೆದು ನುಡಿಯುತ್ತಾನೆ, ಕಂಠ ಸೀಳುತ್ತದೆ. ಆ ಸೀಳು ಅಭ್ಯಾಸದ ಕೊರತೆಯಿಂದ ಬಂದುದಲ್ಲ. ಅದನ್ನು ತಿದ್ದಿದರೆ ಹಾಡಿನ ಅರ್ಥವೇ ಹೋಗುತ್ತದೆ. (ಅವನ ನಿಧಾನಗತಿಯ ಹಾಡುಗಳಲ್ಲಿ ಕೆಲವು ಒಂದನ್ನೊಂದು ಬಹಳವಾಗಿ ಹೋಲುತ್ತವೆಂಬುದನ್ನು ಅಭಿಮಾನಿಗಳಾದ ನಾವೂ ಒಪ್ಪುತ್ತೇವೆ.)

1965ರಲ್ಲಿ ಅವನು ರಚಿಸಿ ಹಾಡಿದ ‘ರೆಸ್ಪೆಕ್ಟ್’, ದುಡಿದು ಮನೆಗೆ ಬರುವ ಗಂಡಸಿನ ಬೇಡಿಕೆ. ಎರಡು ವರ್ಷದ ತರುವಾಯ ಅರೀತಾ ಫ್ರ್ಯಾಂಕ್ಲಿನ್ ಎಂಬಾಕೆ ಅದನ್ನು ಹೆಂಗಸಿನ ಹಕ್ಕೊತ್ತಾಯವನ್ನಾಗಿ ಮಾರ್ಪಡಿಸಿ ಹಾಡಿ ಜಗತ್ಪ್ರಸಿದ್ಧಳಾದಳು. 1967ರ ಜೂನಿನಲ್ಲಿ ಮಾಂಟೆರೆಯ ಸಭೆಯಲ್ಲಿ ಓಟಿಸನು, ಈ ಹಾಡನ್ನು ಗೆಳತಿಯೊಬ್ಬಳು ತನ್ನಿಂದ ಕಿತ್ತುಕೊಂಡಳೆಂದು ವಿನೋದವಾಗಿ ಹೇಳಿ, ಅದನ್ನೇ ಹಾಡಿದನು. ಕವಿಗಳಲ್ಲಿ ಈ ಔದಾರ್ಯವನ್ನು ನಾವು ಹೆಚ್ಚಾಗಿ ಕಂಡಿಲ್ಲ.

ಅದೇ ವರ್ಷ ಅವನ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಕೆಲವು ವಾರ ಮಾತೂ ಆಡಕೂಡದೆಂದು ಕಟ್ಟಪ್ಪಣೆ. ಆ ಕಂಠ ಮರಳುವುದೋ ಇಲ್ಲವೋ! ಮರಳಿತು. ಸಾಸಲಿಟೋದ ದೋಣಿಮನೆಯಲ್ಲಿ ತಾನು ತೊಡಗಿದ್ದ ಹಾಡೊಂದನ್ನು ಕ್ರಾಪರನೊಡನೆ ಪೂರೈಸಿ, ಕಟ್ಟೆಯ ಮೇಲೆ ಸುಮ್ಮನೆ ಕುಳಿತು ಕೊಲ್ಲಿಯನ್ನು ನೋಡುವವನ ಆ ಹಾಡನ್ನು ಎಲ್ಲಿಯೂ ದನಿಯೇರಿಸದೆ ಹಾಡಿದನು. ಕೊನೆಯಲ್ಲಿ ಮಾತಿಲ್ಲ, ಬರಿಯ ಸಿಳ್ಳು.

ಕೆಲವೇ ದಿನಗಳಲ್ಲಿ, ಡಿಸೆಂಬರ್ 10ರಂದು, ಅವನ ವಿಮಾನವು ವಿಸ್ಕಾನ್ಸಿನ್ನಿನ ಮೊನೋನಾ ಸರೋವರದಲ್ಲಿ ಬಿದ್ದಿತು. ಎಂಟು ಮಂದಿಯಲ್ಲಿ ಬದುಕಿದವನು ಒಬ್ಬನೇ. ಓಟಿಸನಿಗೆ ಆಗ 26 ವರ್ಷ. ಕ್ರಾಪರನು ಅಲೆಗಳ ಮತ್ತು ಕಡಲಹಕ್ಕಿಗಳ ಸದ್ದನ್ನು ಸೇರಿಸಿ ಹಾಡನ್ನು ಸಿದ್ಧಪಡಿಸಿದನು. 1968ರ ಮಾರ್ಚಿನಲ್ಲಿ ಅದು ಆ ದೇಶದ ಗಾನಗಳ ಪಟ್ಟಿಯಲ್ಲಿ ಮೊದಲನೆಯದಾಯಿತು.

ನಮ್ಮ ಮಿತ್ರರಿಗೆ ಇದೊಂದು ಪ್ಲೇಟು ಮಾತ್ರ ಒಪ್ಪಿಗೆ, ಅರಚಾಟವಿಲ್ಲವಲ್ಲ. ಅರಚಿದವನೇ ಇಷ್ಟು ಮೆಲ್ಲಗೆ ಹಾಡಿದನೆಂಬುದರಿಂದಲೇ ಅದು ನಮ್ಮನ್ನು ಕಾಡುತ್ತದೆಂದು ವಾದಿಸಿದ್ದೇವೆ. ಅವರು ಉತ್ತರ ಕೊಟ್ಟಿಲ್ಲ. ಆದರೆ ಸಿಳ್ಳು ಪೂರ್ತಿಯಾಗಿ ಕ್ಷೀಣಿಸುವವರೆಗೆ ಕುರ್ಚಿಯಿಂದ ಏಳುವುದೂ ಇಲ್ಲ.