ಕನೈಮಾದ ಬೆನ್ನು ಹತ್ತಿ: ನೀಲ್ ವೈಟ್‌ಹೆಡ್



ಮಾನವಶಾಸ್ತ್ರಜ್ಞ ನೀಲ್ ವೈಟ್‌ಹೆಡ್ ಹುಟ್ಟಿದ್ದು 1956ರಲ್ಲಿ, ಇಂಗ್ಲೆಂಡಿನಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಿ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಮೊದಮೊದಲು ಅವರ ಕೆಲಸವೆಲ್ಲ ಹಳೆಯ ದಾಖಲೆಗಳ ಜೊತೆ. ವಸಾಹತುಕಾಲದ ಕಡತಗಳನ್ನು ಜಾಲಾಡಿ ಕ್ಯಾರಿಬ್ ಜನರ ಚರಿತ್ರೆ ಬರೆದರು.

1992ರಲ್ಲಿ ದಕ್ಷಿಣ ಅಮೆರಿಕದ ಗಯಾನಾಕ್ಕೆ, ಪಕರೈಮಾ ಬೆಟ್ಟಗಳಿಗೆ ಹೋದದ್ದು ಪುರಾತತ್ವದ ಸಲುವಾಗಿ. ಪಟಮುನಾ ಆದಿವಾಸಿಗಳ ಊರೊಂದರ ಹತ್ತಿರ, ಗುಹೆಯೊಳಗೆ ಒಂದು ಮಣ್ಣಿನ ಪಾತ್ರೆ ಕಂಡಿತು. ಮುಟ್ಟಿ ನೋಡಿದರು. ಅದು ಕನೈಮಾ ಮಾಂತ್ರಿಕರ ಪಾತ್ರೆ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಅವರು ಕಾಯಿಲೆ ಬಿದ್ದಿದ್ದರು.

ಕನೈಮಾ ಎಂದರೆ ಕೊಲ್ಲುವ ಮಾಂತ್ರಿಕ. ಅವನ ವಿದ್ಯೆಗೂ ಅದೇ ಹೆಸರು. ಈ ಮಾಂತ್ರಿಕರು ಒಂಟಿಯಾಗಿ ಸಿಕ್ಕವರನ್ನು ಹೊಂಚುಹಾಕಿ ಹಿಡಿಯುತ್ತಾರೆ. ಹಾವಿನ ಹಲ್ಲಿನಿಂದ ನಾಲಗೆ ಚುಚ್ಚುತ್ತಾರೆ. ಏಟು ತಿಂದವರು ಮನೆ ಸೇರಿದರೂ ಹೊಡೆದವರ ಹೆಸರು ಹೇಳಲಾರರು; ಕೆಲವೇ ದಿನಗಳಲ್ಲಿ ಸಾಯುತ್ತಾರೆ. ಮಣ್ಣು ಮಾಡಿದ ಮೇಲೂ ಬಿಡುಗಡೆಯಿಲ್ಲ. ಕೊಂದವರು ಗೋರಿ ಹುಡುಕಿಕೊಂಡು ಬರುತ್ತಾರೆ, ಕೋಲು ಇಳಿಸಿ ಹೆಣದ ರಸ ಸವಿಯುತ್ತಾರೆ. ಮನೆಯವರು ಗೋರಿ ಕಾಯಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಎವರಾರ್ಡ್ ಇಮ್ ಥರ್ನ್ ಕನೈಮಾವನ್ನು ಕಾಡಿನವರ ಸೇಡಿನ ಕಾನೂನು ಎಂದು ಬರೆದ. 2002ರಲ್ಲಿ ಬಂದ ‘ಡಾರ್ಕ್ ಶಾಮನ್ಸ್’ ಪುಸ್ತಕದಲ್ಲಿ ವೈಟ್‌ಹೆಡ್ ಅದನ್ನು ಒಪ್ಪಲಿಲ್ಲ. ಅವರ ಪ್ರಕಾರ, ಮಾಂತ್ರಿಕನ ಪಾಲಿಗೆ ಇದು ದೈವಕ್ಕೆ ಕೊಡುವ ಆಹಾರ, ಶಕ್ತಿ ಗಳಿಸುವ ದಾರಿ. ಅಷ್ಟೇ ಅಲ್ಲ, ಬಂದೂಕು, ಪಾದ್ರಿಗಳು, ವಜ್ರದ ಗಣಿ ಬಂದಂತೆಲ್ಲ ಈ ಆಚರಣೆಯೂ ಬದಲಾಯಿತು, ಬಲಿಯಿತು. ಅನಾದಿಕಾಲದ ಕಾಡುತನ ಎಂದು ತಳ್ಳಿಹಾಕುವಂತಿಲ್ಲ. ಅದಕ್ಕೊಂದು ಚರಿತ್ರೆಯಿದೆ, ಆ ಚರಿತ್ರೆಯಲ್ಲಿ ಯೂರೋಪಿನವರೂ ಇದ್ದಾರೆ.

ಇಂಥದ್ದನ್ನು ಬರೆದರೆ ಆದಿವಾಸಿಗಳಿಗೆ ಅಂಟಿದ ಹಳೆಯ ಕಳಂಕಕ್ಕೆ ಇನ್ನಷ್ಟು ಮಸಿ ಬಳಿದಂತಲ್ಲವೇ ಎಂಬ ಆತಂಕ ನ್ಯಾಯವಾದದ್ದೇ. ಆದರೂ ಅವರು ಬರೆದದ್ದು ಸರಿ ಎಂದೇ ನಾನು ನಂಬುತ್ತೇನೆ. ಸತ್ತವರೂ ಪಟಮುನಾ ಜನರೇ ತಾನೇ? ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಕುಳಿತು, ಅದೆಲ್ಲ ಬರೀ ಕಟ್ಟುಕತೆ ಎನ್ನುವುದಾದರೂ ಹೇಗೆ?

ಕೊನೆಯ ವರ್ಷಗಳಲ್ಲಿ ಅವರು ಹಿಂಸೆಯ ಕುರಿತ ಇದೇ ಪ್ರಶ್ನೆಗಳನ್ನು ಇಂದಿನ ಯುದ್ಧಗಳಿಗೂ ಹಾಕಿದರು. ಮಾನವಶಾಸ್ತ್ರಜ್ಞ ಸ್ವೆರ್ಕರ್ ಫಿನ್‌ಸ್ಟ್ರೋಮ್ ಜೊತೆ ಸಂಪಾದಿಸಿದ, ಯುದ್ಧವನ್ನೂ ಮಾಟವನ್ನೂ ಅಕ್ಕಪಕ್ಕ ಇಟ್ಟು ನೋಡುವ ಪುಸ್ತಕ ಅಚ್ಚಾದದ್ದು 2013ರಲ್ಲಿ. ಅಷ್ಟರಲ್ಲಿ ವೈಟ್‌ಹೆಡ್ ತೀರಿಕೊಂಡು ಒಂದು ವರ್ಷವಾಗಿತ್ತು.