ಗದ್ದೆಯ ಕಪ್ಪೆಗಳನ್ನು ಗುರುತಿಸುವುದು ಹೇಗೆ?

(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಭಾಷಣ)



ಮುಂಗಾರಿನ ಮೊದಲ ಹದಮಳೆ ಬಿದ್ದ ರಾತ್ರಿ ಗದ್ದೆ ಬಯಲಿನಿಂದ ಕೇಳಿಬರುವ ಸದ್ದು ನಮಗೆಲ್ಲ ಪರಿಚಿತವಾದುದೇ. ಅದನ್ನು 'ಕಪ್ಪೆ ವಟಗುಟ್ಟುತ್ತಿದೆ' ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಆದರೆ ಒಂದೇ ಗದ್ದೆಯಲ್ಲಿ ಹಲವು ಬಗೆಯ ಕಪ್ಪೆಗಳಿರುವುದುಂಟು. ಬೆಳೆದ ಕಪ್ಪೆಗಳೆಲ್ಲ ಕೀಟಗಳನ್ನು ತಿನ್ನುತ್ತವೆ. ಆದರೆ ಅವು ಮೊಟ್ಟೆಯಿಡುವ ಜಾಗ ಮತ್ತು ರೀತಿ ಬೇರೆ ಬೇರೆ. ಯಾವ ಕಪ್ಪೆ ಎಂಬುದನ್ನು ತಿಳಿದರೆ ಮಾತ್ರ ಅದನ್ನು ಎಲ್ಲಿ, ಯಾವಾಗ ಕಾಪಾಡಬೇಕೆಂಬುದು ತಿಳಿಯುತ್ತದೆ.

ಕೂಗಿನಿಂದ ಗುರುತು

ಸಾಮಾನ್ಯವಾಗಿ ಕೂಗುವುದು ಗಂಡು ಕಪ್ಪೆ. ಶ್ವಾಸಕೋಶದ ಗಾಳಿಯನ್ನು ಗಂಟಲ ಕೆಳಗಿನ ಧ್ವನಿಚೀಲಕ್ಕೆ ತಳ್ಳಿ ಸದ್ದು ಹೊರಡಿಸುತ್ತದೆ. ಹೆಣ್ಣು ತನ್ನ ಜಾತಿಯ ಕೂಗನ್ನೇ ಅರಸಿ ಬರುವುದರಿಂದ ಪ್ರತಿಯೊಂದು ಪ್ರಭೇದಕ್ಕೂ ತನ್ನದೇ ಆದ ಕೂಗಿದೆ. ದೊಡ್ಡ ಗೂಳಿಕಪ್ಪೆಯದು ದಪ್ಪ, ಭಾರವಾದ ದನಿ. ನೆಲಗಪ್ಪೆಯದು ಉಸಿರು ಬಿಡದೆ ಎಳೆದಂತಹ 'ಕರ್‍ರ್' ಎಂಬ ಉದ್ದ ಕೂಗು. ಮರಗಪ್ಪೆ ಮರ ಬಡಿದಂತೆ 'ಟಕ್ ಟಕ್' ಎನ್ನುತ್ತದೆ. ಚಳಿ ಹೆಚ್ಚಾದರೆ ಕೂಗಿನ ವೇಗ ತಗ್ಗುತ್ತದೆ. ಆದ್ದರಿಂದ ಕೂಗು ಕೇಳಿದ ದಿನಾಂಕ, ಸಮಯ, ಮಳೆ ಮತ್ತು ಉಷ್ಣತೆಯನ್ನು ಬರೆದಿಡುವುದು ಒಳ್ಳೆಯದು. ಈಗ ಜೇಬಿನಲ್ಲಿರುವ ಮೊಬೈಲ್ ಫೋನಿನಲ್ಲೇ ಕೂಗನ್ನು ಧ್ವನಿಮುದ್ರಿಸಬಹುದು.

ಮೈಲಕ್ಷಣದಿಂದ ಗುರುತು

ಕೂಗು ಕೇಳಿದ ಮೇಲೆ ಬ್ಯಾಟರಿ ಬೆಳಕಿನಲ್ಲಿ ಈ ಲಕ್ಷಣಗಳನ್ನು ಗಮನಿಸಿರಿ.

1. ಗೂಳಿಕಪ್ಪೆ: ಬೆನ್ನ ಮೇಲೆ ಉದ್ದುದ್ದನೆಯ ಚರ್ಮದ ಮಡಿಕೆಗಳಿರುತ್ತವೆ. ಸಂತಾನ ಕಾಲದಲ್ಲಿ ಗಂಡು ಹಳದಿ ಬಣ್ಣಕ್ಕೆ ತಿರುಗಿ, ಧ್ವನಿಚೀಲಗಳು ನೀಲಿಯಾಗುತ್ತವೆ.

2. ನೆಲಗಪ್ಪೆ: ಒರಟು ಚರ್ಮ, ತಲೆಯ ಮೇಲೆ ಕಪ್ಪು ಏಣುಗಳು, ಕಣ್ಣಿನ ಹಿಂದೆ ಉಬ್ಬಿದ ವಿಷಗ್ರಂಥಿ. ಮೊಟ್ಟೆಗಳು ನೀರಿನಲ್ಲಿ ದಾರದಂತೆ ಸಾಲಾಗಿರುತ್ತವೆ.

3. ಮರಗಪ್ಪೆ: ಬೆರಳ ತುದಿಯಲ್ಲಿ ಬಿಲ್ಲೆಯಂತಹ ಅಂಟುಭಾಗವಿರುತ್ತದೆ. ನೀರಿನ ಮೇಲಕ್ಕೆ ಬಾಗಿದ ಗಿಡ ಅಥವಾ ತೊಟ್ಟಿಯ ಗೋಡೆಗೆ ನೊರೆಗೂಡು ಕಟ್ಟಿ ಮೊಟ್ಟೆಯಿಡುತ್ತದೆ.

4. ಬಿಲಗಪ್ಪೆ: ಹಿಂಗಾಲಿನ ಅಡಿಯಲ್ಲಿ ಸಲಿಕೆಯಂತಹ ಗಟ್ಟಿ ಗಂಟಿರುತ್ತದೆ. ಅದರಿಂದ ಮಣ್ಣು ತೋಡಿ ಒಳಸೇರಿ, ಮಳೆಗೆ ಹೊರಬರುತ್ತದೆ.

ಬಣ್ಣವೊಂದನ್ನೇ ನಂಬಬಾರದು. ಒಂದೇ ಪ್ರಭೇದದಲ್ಲೂ ಬಣ್ಣ ಬದಲಾಗುತ್ತದೆ.

ವಂಶವಾಹಿಯಿಂದ ಗುರುತು

ಗದ್ದೆಯ ಬದುವಿನಲ್ಲಿ ಜಿಗಿಯುವ ಸಣ್ಣ ಕಪ್ಪೆಗಳಲ್ಲಿ ಹಲವು ಪ್ರಭೇದಗಳು ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತವೆ. ಇಂತಹ ಕಡೆ ವಿಜ್ಞಾನಿಗಳು ಕಪ್ಪೆಯ ಅಂಗಾಂಶದ ಚೂರಿನಿಂದ ಡಿಎನ್‌ಎ ತೆಗೆದು, ಅದರ ಅಕ್ಷರಮಾಲೆಯನ್ನು ತಿಳಿದ ಪ್ರಭೇದಗಳೊಡನೆ ಹೋಲಿಸುತ್ತಾರೆ. ಕೂಗು, ಮೈಲಕ್ಷಣ, ಡಿಎನ್‌ಎ ಈ ಮೂರೂ ಒಂದೇ ಕಡೆಗೆ ಬೆರಳು ತೋರಿದಾಗ ನಿರ್ಣಯ ಗಟ್ಟಿಯಾಗುತ್ತದೆ.

ನಮ್ಮ ಕರಾವಳಿಯಲ್ಲೇ ಇದಕ್ಕೆ ಉದಾಹರಣೆಗಳಿವೆ. ಮಣಿಪಾಲದ ಸುತ್ತಿನ ಮುರಕಲ್ಲಿನ ಬಯಲುಗಳಿಂದ 2016ರಲ್ಲಿ 'ಮೈಕ್ರೋಹೈಲಾ ಲ್ಯಾಟರೈಟ್' ಎಂಬ ಹೊಸ ಪ್ರಭೇದವನ್ನು ವರ್ಣಿಸಲಾಯಿತು. ಹೆಬ್ಬೆರಳ ಉಗುರಿನಷ್ಟೇ ಇರುವ ಇದರ ಕೂಗನ್ನು ಹುಳುವಿನ ಚಿರ್‍ಗುಟ್ಟುವಿಕೆ ಎಂದೇ ಭ್ರಮಿಸಬಹುದು. 2018ರಲ್ಲಿ ಮಂಗಳೂರಿನಿಂದ 'ಮೈಕ್ರೋಹೈಲಾ ಕೊಡಿಯಾಲ್' ವರ್ಣಿತವಾಯಿತು. ಇದರ ಹತ್ತಿರದ ಸಂಬಂಧಿಗಳು ಆಗ್ನೇಯ ಏಷ್ಯಾದಲ್ಲಿವೆ ಎಂಬುದು ಡಿಎನ್‌ಎಯಿಂದ ತಿಳಿದುಬಂತು. ಪಾಳು ಎಂದು ಬಿಟ್ಟ ಜಾಗದಲ್ಲೂ, ಊರ ನಡುವೆಯೂ ಹೆಸರಿಲ್ಲದ ಜೀವಿಗಳಿರಬಹುದೆಂಬುದಕ್ಕೆ ಇವು ಸಾಕ್ಷಿ.

ರೈತರು ಮಾಡಬೇಕಾದುದು

ಒಂದು ಕಾಲದಲ್ಲಿ ನಮ್ಮ ದೇಶದಿಂದ ಕಪ್ಪೆಕಾಲುಗಳು ಹಡಗು ತುಂಬ ಹೊರದೇಶಕ್ಕೆ ಹೋಗುತ್ತಿದ್ದವು. ಮುಖ್ಯವಾಗಿ ಬಲಿಯಾದದ್ದು ಗೂಳಿಕಪ್ಪೆಯಂತಹ ದೊಡ್ಡ ಕಪ್ಪೆಗಳು. 1987ರಲ್ಲಿ ಭಾರತ ಈ ರಫ್ತನ್ನು ನಿಷೇಧಿಸಿತು. ರಫ್ತು ನಿಂತರೂ ವಿಷದ ಕಾಟ ನಿಂತಿಲ್ಲ. ಕಪ್ಪೆಯ ಚರ್ಮ ತೆಳು. ನೀರಿನಲ್ಲಿರುವುದನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಗೊದಮೊಟ್ಟೆಗಳಂತೂ ಆ ನೀರು ಬಿಟ್ಟು ಹೋಗಲಾರವು.

ಆದ್ದರಿಂದ ಪೀಡೆಯ ಪ್ರಮಾಣ ನೋಡದೆ ಔಷಧಿ ಸಿಂಪಡಿಸಬೇಡಿ. ಸಿಂಪರಣಾ ಯಂತ್ರವನ್ನು ಕೆರೆ, ಕಾಲುವೆಯಲ್ಲಿ ತೊಳೆಯಬೇಡಿ. ಗದ್ದೆಯ ಮೂಲೆಯಲ್ಲಿ ಮೊಟ್ಟೆ, ಗೊದಮೊಟ್ಟೆಗಳಿರುವ ಗುಂಡಿಯೊಂದನ್ನು ಹಾಗೆಯೇ ಬಿಡಿ. ತೊಟ್ಟಿ ತೊಳೆಯುವಾಗ ನೊರೆಗೂಡನ್ನು ಕೆರೆದು ಬಿಸಾಡಬೇಡಿ. ಕಪ್ಪೆಯನ್ನು ಮುಟ್ಟಲೇಬೇಕಾದರೆ ಔಷಧಿ ಸೋಂಕದ, ಒದ್ದೆಯಾದ ಕೈಯಿಂದ ಹಿಡಿದು, ಕೂಡಲೇ ಅಲ್ಲಿಯೇ ಬಿಟ್ಟು, ಕೈ ತೊಳೆದುಕೊಳ್ಳಿ.

ವಿಸ್ತರಣಾ ಕಾರ್ಯಕರ್ತರು ಹಳ್ಳಿಯ ಶಾಲಾ ಮಕ್ಕಳನ್ನು ಸೇರಿಸಿ, ಪ್ರತಿ ಮುಂಗಾರಿನಲ್ಲೂ ಅದೇ ಗದ್ದೆಯ ಬಳಿ ಕೂಗುಗಳನ್ನು ದಾಖಲಿಸಬಹುದು. ಕಳೆದ ವರ್ಷ ಕೇಳಿದ ಕೂಗು ಈ ವರ್ಷ ಕೇಳದಿದ್ದರೆ, ಆ ನೀರಿಗೆ ಏನಾಗಿದೆ ಎಂದು ವಿಚಾರಿಸಲು ಅದೇ ಸಾಕಷ್ಟು ಕಾರಣ. ಆ ದಾಖಲೆ ಇಲ್ಲದಿದ್ದರೆ ಒಂದು ಜಾತಿ ನಮ್ಮ ಗದ್ದೆ ಬಿಟ್ಟು ಹೋದದ್ದು ನಮಗೆ ತಿಳಿಯುವುದೇ ಇಲ್ಲ.