ಸೋಗಿನ ಖಾತೆಗೆ ಹೊಣೆ ಯಾರು?



1941ರ ಮೇ ತಿಂಗಳಲ್ಲಿ ಜರ್ಮನ್ ಭಾಷೆಯಲ್ಲಿ ಹೊಸದೊಂದು ರೇಡಿಯೋ ದನಿ ಕೇಳಿಬಂತು. ತನ್ನನ್ನು ‘ಡೆರ್ ಶೆಫ್’, ಅಂದರೆ ಯಜಮಾನ ಎಂದು ಕರೆದುಕೊಳ್ಳುತ್ತಿದ್ದ ಆತ ಒರಟು ಮಾತಿನ ಹಳೇ ಸೈನಿಕನಂತಿದ್ದ. ಚರ್ಚಿಲ್‌ನನ್ನು ಬೈಯುತ್ತಿದ್ದ, ನಾಜಿ ಪಕ್ಷದ ಭ್ರಷ್ಟ ಪುಢಾರಿಗಳನ್ನೂ ಬಿಡುತ್ತಿರಲಿಲ್ಲ. ಜರ್ಮನ್ ಸೇನೆಯ ದೇಶಭಕ್ತನೊಬ್ಬ ಗುಟ್ಟಾಗಿ ಪ್ರಸಾರ ಮಾಡುತ್ತಿದ್ದಾನೆ ಎಂದೇ ಕೇಳುಗರು ನಂಬಬೇಕು, ಹಾಗಿತ್ತು ಏರ್ಪಾಟು. ನಿಜವಾಗಿ ಆ ದನಿ ಹೊರಡುತ್ತಿದ್ದುದು ಇಂಗ್ಲೆಂಡಿನಿಂದ. ಸೆಫ್ಟನ್ ಡೆಲ್ಮರ್ ಎಂಬ ಪತ್ರಕರ್ತ ಬ್ರಿಟಿಷ್ ಸರ್ಕಾರದ ಪರವಾಗಿ ಅದನ್ನು ನಡೆಸುತ್ತಿದ್ದ.

ಹಗೆಯ ಸರ್ಕಾರವೊಂದು ನಮ್ಮವರ ಸೋಗು ಹಾಕಿ ನಮ್ಮ ನಡುವೆಯೇ ಮಾತಾಡುವ ವಿದ್ಯೆ ಹೀಗೆ ಹಳೆಯದು. ಆದರೆ ಅಂದು ಪ್ರಸಾರದ ಯಂತ್ರವೂ ಬ್ರಿಟಿಷರದು, ಖರ್ಚೂ ಅವರದು. ಹೊಣೆ ಯಾರೆಂದು ಹುಡುಕುವ ಪ್ರಮೇಯವೇ ಇರಲಿಲ್ಲ. ಇಂದು ಅದೇ ಕೆಲಸ ಮೂರನೆಯವರ ಯಂತ್ರದಲ್ಲಿ ನಡೆಯುತ್ತದೆ. ಫೇಸ್‌ಬುಕ್, ಎಕ್ಸ್, ಯೂಟ್ಯೂಬ್, ಟಿಕ್‌ಟಾಕ್ ಜಗಲಿ ಕೊಡುತ್ತವೆ, ಜನರನ್ನು ಸೇರಿಸುತ್ತವೆ, ಜಾಹೀರಾತಿನ ಹಣ ಎಣಿಸಿಕೊಳ್ಳುತ್ತವೆ. ಈ ಮೂರನೆಯವರ ಪಾಲಿನ ಹೊಣೆ ಎಷ್ಟು ಎಂಬುದೇ ಇಂದಿನ ನನ್ನ ವಿಷಯ.

ಅಮೆರಿಕ ಈ ಬಗ್ಗೆ ಮೊದಲೇ ಯೋಚಿಸಿತ್ತು. ನಾಜಿ ಪ್ರಚಾರ ತನ್ನ ನೆಲದಲ್ಲಿ ಹಬ್ಬುತ್ತಿದ್ದುದನ್ನು ಕಂಡು 1938ರಲ್ಲಿ ವಿದೇಶಿ ಏಜೆಂಟರ ನೋಂದಣಿ ಕಾಯ್ದೆ ತಂದಿತು. ಆ ಕಾಯ್ದೆ ಯಾರ ಬಾಯನ್ನೂ ಮುಚ್ಚಿಸಲಿಲ್ಲ. ಬೇರೆ ದೇಶದ ಪರವಾಗಿ ಮಾತಾಡುವವನು ಯಾರ ಪರ ಎಂಬುದನ್ನು ಬಹಿರಂಗವಾಗಿ ಹೇಳಬೇಕು ಎಂದಿತು, ಅಷ್ಟೆ. ಆ ಕಾನೂನಿನ ವಿವೇಕವನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಇಂಟರ್‌ನೆಟ್ ಬಂದಾಗ ಕಾನೂನು ಬೇರೆ ದಾರಿ ಹಿಡಿಯಿತು. ಪ್ರಾಡಿಜಿ ಎಂಬ ಕಂಪನಿಯ ಚರ್ಚಾಕೂಟದಲ್ಲಿ ಯಾರೋ ಮಾನಹಾನಿಯ ಮಾತು ಬರೆದರು. ನೀವು ಕೊಳಕು ಬರಹಗಳನ್ನು ತೆಗೆದುಹಾಕುತ್ತೀರಲ್ಲ, ಹಾಗಾದರೆ ನೀವು ಪ್ರಕಾಶಕರೇ, ಹೊಣೆಯೂ ನಿಮ್ಮದೇ ಎಂದು 1995ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಹೇಳಿತು. ಗುಡಿಸಿದವನಿಗೇ ದಂಡ ಎಂಬಂತಾಯಿತು. ಇದನ್ನು ಸರಿಪಡಿಸಲು ಬಂದದ್ದೇ 1996ರ ಅಮೆರಿಕದ ಕಾನೂನಿನ ಸೆಕ್ಷನ್ 230. ಬಳಕೆದಾರ ಬರೆದದ್ದಕ್ಕೆ ಕಂಪನಿಯನ್ನು ಪ್ರಕಾಶಕನೆಂದು ಹಿಡಿಯುವಂತಿಲ್ಲ ಎಂದು ಅದು ವಿಧಿಸಿತು. ಮರುವರ್ಷವೇ ಇನ್ನೊಂದು ತೀರ್ಪು ಬಂತು. ಸಿಯಾಟಲ್‌ನ ಒಬ್ಬರ ಫೋನ್ ನಂಬರ್ ಹಾಕಿ, ಒಕ್ಲಹೋಮಾ ಬಾಂಬ್ ಸ್ಫೋಟವನ್ನು ಲೇವಡಿ ಮಾಡುವ ಟೀ ಶರ್ಟ್ ಮಾರುತ್ತಾರೆ ಎಂದು ಯಾರೋ ಎಓಎಲ್ ಎಂಬ ಇಂಟರ್‌ನೆಟ್ ಕಂಪನಿಯ ತಾಣದಲ್ಲಿ ಸುಳ್ಳು ಜಾಹೀರಾತು ಹಾಕಿದ್ದರು. ಬೆದರಿಕೆ ಕರೆಗಳ ಸುರಿಮಳೆ. ಆ ಮನುಷ್ಯ ಕಂಪನಿಗೆ ದೂರಿನ ಮೇಲೆ ದೂರು ಕೊಟ್ಟರು. ದೂರು ತಲುಪಿ ವಿಷಯ ಗೊತ್ತಾಗಿದ್ದರೂ ಕಂಪನಿ ಹೊಣೆಯಲ್ಲ ಎಂದಿತು ನ್ಯಾಯಾಲಯ. ಮುಂದಿನ ಎಲ್ಲ ಗೋಜಲಿನ ಬೇರು ಈ ‘ಗೊತ್ತಾಗಿದ್ದರೂ’ ಎಂಬುದರಲ್ಲಿದೆ.

ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಬನ್ನಿ. ಸಾವುಷ್ಕಿನಾ ಬೀದಿಯ 55ನೇ ನಂಬರಿನ ಕಟ್ಟಡದಲ್ಲಿ ‘ಇಂಟರ್‌ನೆಟ್ ರಿಸರ್ಚ್ ಏಜೆನ್ಸಿ’ ಎಂಬ ಸಂಸ್ಥೆ ಇತ್ತು. ಕ್ರೆಮ್ಲಿನ್‌ಗೆ ಆಪ್ತನಾಗಿದ್ದ ಯೆವ್ಗೆನಿ ಪ್ರಿಗೋಜಿನ್ ಅದಕ್ಕೆ ಹಣ ಹಾಕುತ್ತಿದ್ದ. ಅಲ್ಲಿ ಪಾಳಿಯ ಮೇಲೆ ಕೆಲಸ ಮಾಡುವ ನೌಕರರು ಅಮೆರಿಕನ್ನರ ಹೆಸರಿನಲ್ಲಿ ಬರೆಯುತ್ತಿದ್ದರು. ಅವರು ನಡೆಸುತ್ತಿದ್ದ ಫೇಸ್‌ಬುಕ್ ಪುಟಗಳಲ್ಲಿ ಒಂದು ‘ಹಾರ್ಟ್ ಆಫ್ ಟೆಕ್ಸಾಸ್’, ಇನ್ನೊಂದು ‘ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ’. 2016ರ ಮೇ 21ರಂದು ಹ್ಯೂಸ್ಟನ್‌ನ ಇಸ್ಲಾಮಿಕ್ ಕೇಂದ್ರವೊಂದರ ಎದುರು ಪ್ರತಿಭಟನೆಗೆ ಬನ್ನಿ ಎಂದು ಮೊದಲನೆಯದು ಕರೆಕೊಟ್ಟಿತು. ಅದೇ ದಿನ, ಅದೇ ಹೊತ್ತಿಗೆ, ಅದೇ ಜಾಗಕ್ಕೆ ಎರಡನೆಯದೂ ತನ್ನವರನ್ನು ಕರೆಯಿತು. ಜನ ನಿಜವಾಗಿಯೂ ಬಂದರು. ರಸ್ತೆಯ ಈಚೆ ಒಂದು ಗುಂಪು, ಆಚೆ ಇನ್ನೊಂದು, ನಡುವೆ ಪೊಲೀಸರು. ಎರಡೂ ಕಡೆಯವರನ್ನು ಕರೆಸಿದ ಕೈ ಒಂದೇ ಎಂದು ಅಲ್ಲಿ ನಿಂತು ಕೂಗುತ್ತಿದ್ದ ಒಬ್ಬರಿಗೂ ತಿಳಿದಿರಲಿಲ್ಲ. ಇದಕ್ಕೆ ತಗುಲಿದ ಜಾಹೀರಾತಿನ ಖರ್ಚು ಸುಮಾರು 200 ಡಾಲರ್ ಎಂದು ಸೆನೆಟ್ ವಿಚಾರಣೆಯಲ್ಲಿ ಹೊರಬಂತು.

ಈಗ ಎಕ್ಸ್ ಎನಿಸಿರುವ ಟ್ವಿಟರ್‌ನಲ್ಲಿ ಇನ್ನೂ ಎದ್ದು ಕಾಣುವ ಪ್ರಕರಣ. ಟೆನೆಸಿ ರಾಜ್ಯದ ರಿಪಬ್ಲಿಕನ್ ಪಕ್ಷದ ಹೆಸರನ್ನೇ ಹೊದ್ದುಕೊಂಡ ರಷ್ಯಾದ ಖಾತೆಯೊಂದಕ್ಕೆ ಲಕ್ಷಕ್ಕೂ ಹೆಚ್ಚು ಹಿಂಬಾಲಕರಿದ್ದರು. ಇದು ನಮ್ಮದಲ್ಲ ಎಂದು ಅಸಲಿ ಪಕ್ಷವೇ ಮತ್ತೆ ಮತ್ತೆ ದೂರು ಕೊಟ್ಟಿತು. ಖಾತೆ ಮುಚ್ಚಿದ್ದು 2017ರ ಆಗಸ್ಟ್‌ನಲ್ಲಿ, 2016ರ ಅಧ್ಯಕ್ಷ ಚುನಾವಣೆ ಮುಗಿದು ಒಂಬತ್ತು ತಿಂಗಳ ಮೇಲೆ. ಫೇಸ್‌ಬುಕ್ ತಾನೇ ಒಪ್ಪಿಕೊಂಡಂತೆ ಸುಮಾರು 3,000 ಜಾಹೀರಾತು, ಒಂದು ಲಕ್ಷ ಡಾಲರ್ ಹಣ, ಆ ಏಜೆನ್ಸಿಯ ಪೋಸ್ಟ್‌ಗಳು ತಲುಪಿರಬಹುದಾದವರು 12.6 ಕೋಟಿ ಜನ. ಕೆಲವು ಜಾಹೀರಾತಿಗೆ ರೂಬಲ್‌ನಲ್ಲೇ ಹಣ ಬಂದಿತ್ತು. ಅಮೆರಿಕದ ರಾಜಕೀಯ ಜಾಹೀರಾತಿಗೆ ರೂಬಲ್ ಬಂದಾಗಲಾದರೂ ಅನುಮಾನ ಬರಬೇಡವೇ ಎಂದು ಸೆನೆಟರ್ ಅಲ್ ಫ್ರಾಂಕನ್ ಕಂಪನಿಯ ವಕೀಲರನ್ನು ತರಾಟೆಗೆ ತೆಗೆದುಕೊಂಡರು. ನ್ಯಾಯವಾದ ಸಿಟ್ಟು ಅದು.

2018ರ ಫೆಬ್ರವರಿಯಲ್ಲಿ, ಆ ಚುನಾವಣೆಯಲ್ಲಿ ರಷ್ಯಾದ ಹಸ್ತಕ್ಷೇಪದ ತನಿಖೆ ನಡೆಸುತ್ತಿದ್ದ ರಾಬರ್ಟ್ ಮುಲ್ಲರ್ 13 ರಷ್ಯನ್ನರು ಮತ್ತು 3 ಸಂಸ್ಥೆಗಳ ಮೇಲೆ ದೋಷಾರೋಪ ಹೊರಿಸಿದರು. ಆ ಪಟ್ಟಿಯಲ್ಲಿ ಜಾಲತಾಣದ ಕಂಪನಿ ಒಂದೂ ಇರಲಿಲ್ಲ. 2023ರಲ್ಲಿ, ಐಸಿಸ್ ಖಾತೆಗಳ ಕುರಿತ ಮೊಕದ್ದಮೆಯಲ್ಲಿ, ಎಲ್ಲರಿಗೂ ಕೊಡುವ ಸೇವೆಯನ್ನೇ ಉಗ್ರರಿಗೂ ಕೊಟ್ಟ ಮಾತ್ರಕ್ಕೆ ಅದು ಕುಮ್ಮಕ್ಕಾಗದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು.

ಯುರೋಪ್ ಮಾತ್ರ ಬೇರೆ ಕಡೆಯಿಂದ ಹೊರಟಿತು. 2022ರ ಡಿಜಿಟಲ್ ಸೇವೆಗಳ ಕಾಯ್ದೆ ಒಂದೊಂದು ಪೋಸ್ಟಿಗೆ ಲೆಕ್ಕ ಕೇಳುವುದಿಲ್ಲ. ನಿಮ್ಮ ವ್ಯವಸ್ಥೆಯಿಂದ ಚುನಾವಣೆಗೆ ಒದಗುವ ಅಪಾಯವನ್ನು ನೀವೇ ಅಳೆದು ತಗ್ಗಿಸಿ, ತಪ್ಪಿದರೆ ಜಾಗತಿಕ ವಹಿವಾಟಿನ ಶೇ. 6ರವರೆಗೆ ದಂಡ ಎನ್ನುತ್ತದೆ. 2024ರ ಡಿಸೆಂಬರ್‌ನಲ್ಲಿ ರುಮೇನಿಯಾದ ಸಾಂವಿಧಾನಿಕ ನ್ಯಾಯಾಲಯ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತನ್ನೇ ರದ್ದುಮಾಡಿತು. ಆ ಚುನಾವಣೆಗೆ ಒದಗಿದ ಅಪಾಯವನ್ನು ತಗ್ಗಿಸಲಿಲ್ಲ ಎಂಬ ಶಂಕೆಯಿಂದ ಕೆಲವೇ ದಿನಗಳಲ್ಲಿ ಯುರೋಪಿಯನ್ ಕಮಿಷನ್ ಟಿಕ್‌ಟಾಕ್ ಮೇಲೆ ವಿಚಾರಣೆ ಶುರುಮಾಡಿತು.

ನಮಗೂ ಇದರ ಬಿಸಿ ತಟ್ಟಿದೆ. 2012ರ ಆಗಸ್ಟ್ ನೆನಪಿದೆಯಲ್ಲ? ಅಸ್ಸಾಮಿನ ಗಲಭೆಯ ಬೆನ್ನಿಗೇ ಎಸ್ಸೆಮ್ಮೆಸ್‌ಗಳಲ್ಲಿ ವದಂತಿ ಹರಡಿ, ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು ಸಿಟಿ ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಜಾಲತಾಣಗಳಲ್ಲಿ ಹರಿದಾಡಿದ ತಿರುಚಿದ ಚಿತ್ರಗಳಲ್ಲಿ ಹೆಚ್ಚಿನವು ಪಾಕಿಸ್ತಾನದಿಂದ ಬಂದವು ಎಂದು ಅಂದಿನ ಗೃಹ ಕಾರ್ಯದರ್ಶಿ ಹೇಳಿದರು. 2021ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದಿಂದ ನಡೆಯುತ್ತಿದ್ದವು ಎಂದು 20 ಯೂಟ್ಯೂಬ್ ಚಾನೆಲ್‌ಗಳನ್ನು ಕೇಂದ್ರ ಸರ್ಕಾರ ಮುಚ್ಚಿಸಿತು.

ನಮ್ಮ ಐಟಿ ಕಾಯ್ದೆಯ ಸೆಕ್ಷನ್ 79 ಅಮೆರಿಕದಷ್ಟು ಉದಾರವಲ್ಲ. ಗೊತ್ತಾದ ಮೇಲೂ ಸುಮ್ಮನಿದ್ದರೆ ರಕ್ಷಣೆ ಹೋಗುತ್ತದೆ. ಆದರೆ ಗೊತ್ತಾಗುವುದೆಂದರೆ ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಸೂಚನೆ ಬರುವುದು ಎಂದು ಸುಪ್ರೀಂ ಕೋರ್ಟ್ 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ವಿವರಿಸಿತು. ಸರ್ಕಾರದ ಕೈಗೆ ಹೀಗೆ ಬಂದ ಬಲದ ಬಗ್ಗೆ ನನಗೆ ಅಳುಕಿದೆ. ಖಾತೆ ಮುಚ್ಚುವ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಕರ್ನಾಟಕ ಹೈಕೋರ್ಟಿಗೆ ಹೋದಾಗ, 2023ರ ಜೂನ್‌ನಲ್ಲಿ ಅರ್ಜಿ ವಜಾ ಆಗಿ 50 ಲಕ್ಷ ರೂಪಾಯಿ ದಂಡ ಬಿತ್ತು. ಆ ಆದೇಶಗಳಲ್ಲಿ ರೈತ ಚಳವಳಿಯ ಕುರಿತ ಖಾತೆಗಳೂ ಇದ್ದವು. ‘ವಿದೇಶಿ ಕೈವಾಡ’ ಎಂಬ ಮಾತನ್ನು ಸ್ವಂತ ಪ್ರಜೆಗಳ ಮೇಲೆ ಪ್ರಯೋಗಿಸುವುದು ಯಾವ ಸರ್ಕಾರಕ್ಕೂ ಸುಲಭ.

ಅದಕ್ಕೇ ಹೊಣೆಯನ್ನು ಮಾತಿಗೆ ಕಟ್ಟಬಾರದು, ಸೋಗಿಗೆ ಕಟ್ಟಬೇಕು. ಏನು ಬರೆದರು ಎಂದು ಕಂಪನಿಯನ್ನು ಶಿಕ್ಷಿಸಿದರೆ ಅದು ಹೆದರಿ ನಮ್ಮ ನಿಮ್ಮ ಬರಹವನ್ನೂ ಅಳಿಸುತ್ತದೆ. ಹೆಸರು ಕದ್ದಿದ್ದಾರೆ ಎಂದು ಹೆಸರಿನವರೇ ದೂರಿದಾಗ, ಹಣ ಎಲ್ಲಿಂದ ಬಂತೆಂದು ರಸೀದಿಯೇ ಹೇಳುವಾಗ ಸುಮ್ಮನಿದ್ದ ಕಂಪನಿಯನ್ನು ಮಾತ್ರ ಬಿಡಕೂಡದು.

2025ರ ನವೆಂಬರ್‌ನಲ್ಲಿ ಎಕ್ಸ್ ಕಂಪನಿ ಪ್ರತಿ ಖಾತೆಯೂ ಯಾವ ದೇಶದಿಂದ ನಡೆಯುತ್ತದೆ ಎಂದು ತೋರಿಸತೊಡಗಿತು. ಅಪ್ಪಟ ಅಮೆರಿಕನ್ ದೇಶಭಕ್ತರೆನಿಸಿಕೊಂಡಿದ್ದ ಎಷ್ಟೋ ಖಾತೆಗಳು ಬೇರೆ ಖಂಡಗಳಲ್ಲಿ ಪತ್ತೆಯಾದವು. ಅವೆಲ್ಲ ಸರ್ಕಾರಿ ಖಾತೆಗಳಲ್ಲ, ವಿಪಿಎನ್ ಬಳಸಿದರೆ ದೇಶವೂ ತಪ್ಪಾಗಿ ಕಾಣಬಹುದು. ಆದರೂ ಇಂಥ ಮಾಹಿತಿ ಕಂಪನಿಯ ಕೈಯಲ್ಲಿ ಇದ್ದೇ ಇತ್ತು. ಅದನ್ನು ಬಳಕೆದಾರರಿಗೆ ತೋರಿಸಲೇಬೇಕು ಎನ್ನುವ ಕಾನೂನು ಅಮೆರಿಕದಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಅದು ಬರಬೇಕು.